ಕುದುರೆ ಏನನ್ನು ಎಳೆಯುತ್ತಿದೆ?

ನಮಸ್ಕಾರ.

ಹತ್ತೊಂಬತ್ತನೆಯ ಶತಮಾನದ ಯುರೋಪಿನ ಚಿತ್ರಗಳಲ್ಲಿ ಕಾಣುವ ಕುದುರೆ ಮತ್ತು ಹಳ್ಳಿಯ ಬದುಕಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ‘ವಿಷಾದಿಸುತ್ತೇವೆ’ ಎಂದು ಎರಡು ಸಾಲು ಬರೆದು ಮುಗಿಸಬಹುದಿತ್ತು. ಆದರೆ ಬರಹದ ನಡುವಿನ ಒಂದು ಪ್ಯಾರಾ ಹಾಗೆ ಮಾಡಲು ಬಿಡಲಿಲ್ಲ. ಅದರ ಮಾತು ಆಮೇಲೆ.

ಮೊದಲು ತಕರಾರು. ನಿಮ್ಮ ಲೇಖನದಲ್ಲಿ ಹಲವು ಕಲಾವಿದರಿದ್ದಾರೆ, ಕುದುರೆ ಮಾತ್ರ ಒಂದೇ. ಫ್ರಾನ್ಸಿನ ಜೆರಿಕೋ ಬರೆದದ್ದೂ ಇಂಗ್ಲೆಂಡಿನ ಕಾನ್‌ಸ್ಟೆಬಲ್ ಬರೆದದ್ದೂ ಫ್ರಾನ್ಸಿನವಳೇ ಆದ ರೋಸಾ ಬೊನರ್ ಬರೆದದ್ದೂ ನಿಮಗೆ ‘ಸ್ವಾತಂತ್ರ್ಯದ ಸಂಕೇತ’, ‘ಪ್ರಕೃತಿಯ ಅದಮ್ಯ ಚೈತನ್ಯ’. ಚಿತ್ರಗಳ ಹೆಸರನ್ನು ಅದಲುಬದಲು ಮಾಡಿದರೂ ನಿಮ್ಮ ವಾಕ್ಯಗಳಿಗೆ ಕಿಂಚಿತ್ತೂ ಧಕ್ಕೆಯಾಗುವುದಿಲ್ಲ. ಅಲ್ಲೇ ಎಡವಟ್ಟಾಗಿರುವುದು. ಈ ಚಿತ್ರಗಳಲ್ಲಿರುವ ಕುದುರೆಗಳಲ್ಲಿ ಹೆಚ್ಚಿನವು ದುಡಿಯುವವು. ಅವು ಗಾಡಿಯನ್ನೋ ದೋಣಿಯನ್ನೋ ಎಳೆಯುತ್ತವೆ, ಇಲ್ಲವೇ ಸಂತೆಯಲ್ಲಿ ಬೆಲೆ ಕಟ್ಟಿಸಿಕೊಳ್ಳುತ್ತವೆ. ಅದನ್ನು ನೋಡದೆ ಬರೆದರೆ ಉಳಿಯುವುದು ಕುದುರೆಯ ಜೂಲು ಮತ್ತು ಗಾಳಿ.

ಕಾನ್‌ಸ್ಟೆಬಲ್‌ನ ‘ಜಿಗಿಯುವ ಕುದುರೆ’ಯನ್ನೇ (1825) ತೆಗೆದುಕೊಳ್ಳಿ. ‘ಬೇಲಿಯ ಬಂಧನವನ್ನು ಧಿಕ್ಕರಿಸಿ ಸ್ವಚ್ಛಂದವಾಗಿ ನೆಗೆಯುವ ಅಶ್ವ’ ಎಂದಿದ್ದೀರಿ. ಅದು ಇಂಗ್ಲೆಂಡಿನ ಸ್ಟೂರ್ ನದಿಯ ದಂಡೆಯ ಮೇಲೆ ನಡೆದು ಸರಕಿನ ದೋಣಿ ಎಳೆಯುತ್ತಿದ್ದ ಕುದುರೆ. ಆ ಹಾದಿಯಲ್ಲಿ ಒಬ್ಬರ ಹುಲ್ಲುಗಾವಲಿನ ದನ ಇನ್ನೊಬ್ಬರದಕ್ಕೆ ನುಗ್ಗದಿರಲೆಂದು ಅಲ್ಲಲ್ಲಿ ಸುಮಾರು ಮೂರು ಅಡಿ ಎತ್ತರದ ಮರದ ತಡೆಗಳಿದ್ದವು. ದೋಣಿ ಎಳೆಯುವ ಕುದುರೆಗಳಿಗೆ ಅವನ್ನು ಹಾರಿ ಮುಂದೆ ಹೋಗುವ ತರಬೇತಿ ಕೊಡುತ್ತಿದ್ದರು. ಅಂದರೆ ಆ ನೆಗೆತ ಕುದುರೆಯ ದಿನದ ಕೆಲಸದಲ್ಲಿ ಸೇರಿದ್ದು. ಮೈಮೇಲೆ ಸರಂಜಾಮು, ಬೆನ್ನ ಮೇಲೆ ಸವಾರ. ಇದೇ ಕಲಾವಿದನ ‘ಬಿಳಿ ಕುದುರೆ’ಯಲ್ಲಿ (1819) ಕುದುರೆಯೇ ದೋಣಿ ಹತ್ತಿ ನಿಂತಿದೆ, ಏಕೆಂದರೆ ಎಳೆಯುವ ಹಾದಿ ಅಲ್ಲಿ ನದಿಯ ಇನ್ನೊಂದು ದಂಡೆಗೆ ಹೊರಳುತ್ತದೆ. ಕಾನ್‌ಸ್ಟೆಬಲ್ ಆ ನದಿಯ ಮೇಲೆ ಹಿಟ್ಟಿನ ಗಿರಣಿ ನಡೆಸುತ್ತಿದ್ದವನ ಮಗ. ಯಾವ ಹಗ್ಗವನ್ನು ಎಲ್ಲಿಗೆ ಕಟ್ಟುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ನಿಮ್ಮ ‘ಸ್ವಚ್ಛಂದ’ಕ್ಕಿಂತ ಈ ನಿಜವೇ ಹೆಚ್ಚು ರೋಚಕವಲ್ಲವೇ?

ಪ್ರದರ್ಶನ ಮುಗಿದು ‘ಜಿಗಿಯುವ ಕುದುರೆ’ ಮನೆಗೆ ಬಂದ ಮೇಲೆ ಅವನು ಕುದುರೆಯ ಮುಂದಿದ್ದ ಹಳೆಯ ವಿಲೋ ಮರದ ಬೊಡ್ಡೆಯನ್ನು ಅಳಿಸಿಹಾಕಿದ. ಜನ ನೋಡಿ ಆಗಿದೆಯಲ್ಲ ಎಂದು ಸುಮ್ಮನಿರಲಿಲ್ಲ. ನಿಮ್ಮ ಮೊದಲ ಒಂದೂವರೆ ಪುಟಕ್ಕೂ ಅದೇ ಗತಿ ಆಗಬೇಕು. ವೇದಕಾಲದ ಅಶ್ವಮೇಧದಿಂದ ಶುರುವಾಗಿ ಪ್ಯಾರಿಸ್ಸಿಗೆ ಬರುವಷ್ಟರಲ್ಲಿ ಓದುಗ ಎದ್ದು ಹೋಗಿರುತ್ತಾನೆ.

ಈಗ ರೋಸಾ ಬೊನರ್. ‘ಕುದುರೆ ಸಂತೆ’ ಚಿತ್ರಕ್ಕೆ ನೀವು ಒಂದು ಪುಟ ಕೊಟ್ಟಿದ್ದೀರಿ, ಅದರಲ್ಲಿ ಮುಕ್ಕಾಲು ಪಾಲು ಆಕೆಯ ಪ್ಯಾಂಟಿನ ಬಗ್ಗೆ. ಹೆಂಗಸರು ಪ್ಯಾಂಟು ತೊಡಲು ಪೊಲೀಸರ ಪರವಾನಗಿ ಬೇಕಿದ್ದ ಕಾಲ ಅದು, ಆಕೆ ಅದನ್ನು ಪಡೆದದ್ದೂ ನಿಜ. ಎರಡು ವಾಕ್ಯ ಸಾಕು. ಗಂಡಸರ ಉಡುಪಿನಲ್ಲಿ ಹೋದದ್ದು ಯಾಕೆ? ಗಂಡಸರೇ ತುಂಬಿದ್ದ ಸಂತೆಯಲ್ಲಿ ಯಾರ ಕಣ್ಣಿಗೂ ಬೀಳದೆ ಚಿತ್ರ ಬರೆದುಕೊಳ್ಳಲು. ವಾರಕ್ಕೆ ಎರಡು ಸಲದಂತೆ ಒಂದೂವರೆ ವರ್ಷ ಹೋದಳು. ಪ್ರಾಣಿಯ ಮೈಕಟ್ಟು ಅರಿಯಲು ಕಸಾಯಿಖಾನೆಗಳಿಗೂ ಹೋಗುತ್ತಿದ್ದವಳು ಆಕೆ. ಇಷ್ಟು ಹೇಳಿ ಚಿತ್ರಕ್ಕೆ ಬನ್ನಿ. ಅಗಲ ಐದು ಮೀಟರಿಗೂ ಮೇಲೆ, ಎತ್ತರ ಎರಡೂವರೆ ಮೀಟರಿನಷ್ಟು. ಎಡಗಡೆ ದೂರದಲ್ಲಿ ಸಾಲ್‌ಪೆತ್ರಿಯೇರ್ ಆಸ್ಪತ್ರೆಯ ಗುಮ್ಮಟ. ಬಲಕ್ಕೆ ಮರಗಳ ಕೆಳಗಿನ ದಿಬ್ಬದ ಮೇಲೆ ನೋಡುವ ಜನ. ನಡುವೆ ಆಳುಗಳು ಕುದುರೆಗಳನ್ನು ಸುತ್ತು ಓಡಿಸುತ್ತಿದ್ದಾರೆ, ಕೊಳ್ಳುವವರು ನಡಿಗೆ ನೋಡಲಿ ಎಂದು. ಮುಂಗಾಲೆತ್ತಿ ನಿಲ್ಲುವ ಕುದುರೆಯನ್ನು ನೀವು ಗುರುತಿಸಿದ್ದೀರಿ, ಅದನ್ನು ಹಿಡಿದು ಜಗ್ಗುವ ಆಳು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಅಷ್ಟು ದೊಡ್ಡ ಚಿತ್ರದಲ್ಲಿ ಮನುಷ್ಯನ ತೋಳಿನ ಬಲಕ್ಕೂ ಕುದುರೆಯ ಕತ್ತಿನ ಬಲಕ್ಕೂ ನಡೆಯುವ ಜಗ್ಗಾಟವೇ ಜೀವಾಳ. 1853ರ ಪ್ಯಾರಿಸ್ ಪ್ರದರ್ಶನದಲ್ಲಿ ಹೆಸರು ಮಾಡಿದ ಈ ಚಿತ್ರವನ್ನು 1887ರಲ್ಲಿ ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟ್ ಕೊಂಡು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟ. ನೀವು ಬರೆದಂತೆ ಅದು ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿಲ್ಲ.

ಇನ್ನೊಂದು ತಪ್ಪನ್ನು ಮನ್ನಿಸುವುದು ಕಷ್ಟ. ಆಕೆಯದೇ ‘ನಿವರ್ನೆಯಲ್ಲಿ ಉಳುಮೆ’ (1849) ಚಿತ್ರದಲ್ಲಿ ‘ನೇಗಿಲೆಳೆಯುವ ಕುದುರೆಗಳ ಉಸಿರು ಕೇಳಿಸುತ್ತದೆ’ ಎಂದಿದ್ದೀರಿ. ಅವು ಎತ್ತುಗಳು, ಸ್ವಾಮಿ. ಜೋಡಿಜೋಡಿಯಾಗಿ ಹೂಡಿದ ಮಾಸಲು ಬಿಳಿಯ ಎತ್ತುಗಳ ಎರಡು ತಂಡ, ಕೆಳಗೆ ಹೋಳುಹೋಳಾಗಿ ಮಗುಚಿಬಿದ್ದ ಮಣ್ಣು. ಚಿತ್ರವನ್ನು ಒಮ್ಮೆ ತೆರೆದು ನೋಡಿದ್ದರೂ ಈ ವಾಕ್ಯ ಹುಟ್ಟುತ್ತಿರಲಿಲ್ಲ. ತಮಾಷೆಯೆಂದರೆ, ಲೇಖನದ ಕೊನೆಗೆ ನೀವೇ ಕಾರಹುಣ್ಣಿಮೆಯ ಎತ್ತುಗಳನ್ನು ಎಳೆದು ತಂದಿದ್ದೀರಿ. ಆ ಪ್ಯಾರಾ ಬೇಡ. ಕನ್ನಡದಲ್ಲಿ ಬರೆದ ಮಾತ್ರಕ್ಕೆ ಫ್ರಾನ್ಸಿನ ಹೊಲದಲ್ಲಿ ನಮ್ಮೂರ ಹಬ್ಬ ಮಾಡಲೇಬೇಕೆಂದೇನೂ ಇಲ್ಲ.

ಕಾನ್‌ಸ್ಟೆಬಲ್‌ನ ‘ಹುಲ್ಲಿನ ಬಂಡಿ’ (1821) ನೋಡಿ ‘ರೈತರ ಸುವರ್ಣಯುಗ’ ಎಂದು ಉದ್ಗರಿಸಿದ್ದೀರಿ. ಚಿತ್ರ ಶಾಂತವಾಗಿದೆ, ಒಪ್ಪುತ್ತೇನೆ. ಆದರೆ ಇಂಗ್ಲೆಂಡಿನ ಅದೇ ಪೂರ್ವ ಭಾಗದಲ್ಲಿ 1816ರಲ್ಲಿ ಕೂಲಿಕಾರರು ದಂಗೆ ಎದ್ದಿದ್ದರು, 1822ರಲ್ಲಿ ಒಕ್ಕಣೆ ಯಂತ್ರಗಳನ್ನು ಒಡೆದರು. ಕಾನ್‌ಸ್ಟೆಬಲ್ ಇದನ್ನು ಬರೆದದ್ದು ಲಂಡನ್ನಿನಲ್ಲಿ ಕುಳಿತು, ಹಳೆಯ ರೇಖಾಚಿತ್ರಗಳ ಆಧಾರದಲ್ಲಿ. ಚಿತ್ರದ ನೆಮ್ಮದಿಯನ್ನು ಇತಿಹಾಸವೆಂದು ಒಪ್ಪಿಕೊಳ್ಳುವ ಮೊದಲು ಇಷ್ಟನ್ನಾದರೂ ಓದುಗನಿಗೆ ಹೇಳಬೇಕು.

ಜೆರಿಕೋ ವಿಷಯ ಚುಟುಕಾಗಿ. ಇಂಗ್ಲೆಂಡಿನ ಕುದುರೆ ಪಂದ್ಯದ ಚಿತ್ರ ‘ಎಪ್ಸಮ್ ಡರ್ಬಿ’ಯ (1821) ಕುದುರೆಗಳು ನಾಲ್ಕೂ ಕಾಲು ಚಾಚಿ ಗಾಳಿಯಲ್ಲಿ ತೇಲುವುದನ್ನು ‘ಛಾಯಾಚಿತ್ರದಷ್ಟು ಕರಾರುವಾಕ್ಕು’ ಎಂದು ಹೊಗಳಿದ್ದೀರಿ. 1878ರಲ್ಲಿ ಛಾಯಾಗ್ರಾಹಕ ಮೈಬ್ರಿಜ್ ತೆಗೆದ ಛಾಯಾಚಿತ್ರಗಳು ತೋರಿಸಿದ್ದು ಇದಕ್ಕೆ ಉಲ್ಟಾ: ನಾಲ್ಕೂ ಗೊರಸು ನೆಲ ಬಿಟ್ಟಾಗ ಕಾಲುಗಳು ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ. ಜೆರಿಕೋ ಬೇಕೇಬೇಕೆಂದಿದ್ದರೆ ಸುಣ್ಣದ ಭಟ್ಟಿಯಂಥ ಗಾರೆ ಭಟ್ಟಿಯೊಂದರ ಮುಂದೆ ಕುದುರೆಗಳು ನಿಂತಿರುವ ಅವನ ಚಿಕ್ಕ ಚಿತ್ರವನ್ನು ನೋಡಿ. ಅಲ್ಲಿ ಓಟವೂ ಇಲ್ಲ, ಗೆಲುವೂ ಇಲ್ಲ.

ಇನ್ನು ಆ ಪ್ಯಾರಾ. ಪೋಲೆಂಡಿನ ಯೂಜೆಫ್ ಹೆವ್ಮೋನ್‌ಸ್ಕಿಯ ‘ನಾಲ್ಕು ಕುದುರೆಗಳ ಗಾಡಿ’ (1881) ಬಗ್ಗೆ ನೀವು ಬರೆದದ್ದು: ‘ಗಾಡಿಗಿಂತ ಮೊದಲು ಕೆಸರು ನಮ್ಮತ್ತ ಬರುತ್ತದೆ. ಪಕ್ಕಕ್ಕೆ ಸರಿಯಬೇಕೆನಿಸುತ್ತದೆ, ಆದರೆ ಚಿತ್ರ ಅಷ್ಟು ಅಗಲ, ಸರಿಯುವುದೆಲ್ಲಿಗೆ?’ ಇದನ್ನು ಬರೆದವರು ಚಿತ್ರ ನೋಡಿದ್ದಾರೆ. ಇಲ್ಲಿ ಸಂಕೇತವಿಲ್ಲ, ಚೈತನ್ಯವಿಲ್ಲ. ಆರೂವರೆ ಮೀಟರು ಮೀರಿದ ಅಗಲ ಮತ್ತು ಕೆಸರು ಇದೆ. ಕಲಾವಿದ ಆಗ ಪ್ಯಾರಿಸ್ಸಿನಲ್ಲಿದ್ದ, ಚಿತ್ರದಲ್ಲಿರುವ ಹುಲ್ಲುಗಾವಲಿನ ನಾಡಿನಿಂದ ಬಹುದೂರ. ಅದನ್ನು ಒಂದು ಮಾತಿನಲ್ಲಿ ಸೇರಿಸಿದರೆ ಪ್ಯಾರಾ ಇನ್ನೂ ಗಟ್ಟಿಯಾಗುತ್ತದೆ.

ಇಲ್ಲಿಂದಲೇ ಲೇಖನ ಶುರು ಮಾಡಿ. ಜೊತೆಗೆ ‘ಕುದುರೆ ಸಂತೆ’ ಇರಲಿ, ‘ಜಿಗಿಯುವ ಕುದುರೆ’ ಇರಲಿ. ಮೂರೇ ಸಾಕು. ಪ್ರತಿಯೊಂದರಲ್ಲೂ ಲಗಾಮು ಯಾರ ಕೈಯಲ್ಲಿದೆ, ಕುದುರೆಯನ್ನು ಯಾವ ಕೆಲಸಕ್ಕೆ ಹಚ್ಚಿದ್ದಾರೆ ಎಂದು ನೋಡಿ ಬರೆಯಿರಿ. ಸಾವಿರದೈನೂರು ಪದ ಮೀರದಿರಲಿ. ಚಿತ್ರಗಳ ವರ್ಷ, ಅಳತೆ, ಈಗ ಇರುವ ಜಾಗವನ್ನು ಆಯಾ ವಸ್ತುಸಂಗ್ರಹಾಲಯದ ಜಾಲತಾಣದಲ್ಲೇ ಪರಿಶೀಲಿಸಿ. ‘ಕುದುರೆ ಸಂತೆ’ಯ ಸ್ಪಷ್ಟ ಪ್ರತಿ ಮೆಟ್ರೊಪಾಲಿಟನ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ, ನೀವು ಕಳಿಸಿದ ಮಸುಕು ಚಿತ್ರವನ್ನು ಅಚ್ಚು ಹಾಕಲು ಬರುವುದಿಲ್ಲ.

– ಸಂಪಾದಕ