ಚೆಂಡೆ ಸೇರಿಸಿದ ಮಾತ್ರಕ್ಕೆ ನಮ್ಮದೇ?

ಪ್ರಶ್ನೆ: ನನಗೆ 26 ವರ್ಷ, ಕಾಸರಗೋಡಿನ ಬದಿಯಡ್ಕದ ಕಡೆಯವನು. ದೊಡ್ಡಪ್ಪನಿಂದ ಭಾಗವತಿಕೆ, ಅಂದರೆ ಯಕ್ಷಗಾನದ ಹಾಡುಗಾರಿಕೆ ಕಲಿತಿದ್ದೇನೆ. ಹೊಟ್ಟೆಪಾಡಿಗೆ ಮದುವೆ, ಜಾತ್ರೆಗಳ ಗಾನಮೇಳದಲ್ಲಿ ಮಲಯಾಳಂ, ಕನ್ನಡ, ತುಳು ಹಾಡುಗಳನ್ನು ಹಾಡುತ್ತೇನೆ. ಈಚೆಗೆ ಗೆಳೆಯರೊಡನೆ ಯಕ್ಷಗಾನದ ಒಂದು ಪದಕ್ಕೆ (ಹಾಡಿಗೆ) ಈಗಿನ ಬೀಟ್ ಕೂಡಿಸಿ ರೀಲ್ಸ್‌ಗೆ ಹಾಕಿದೆ. ತುಂಬ ಜನ ನೋಡಿದರು. ಆದರೆ ದೊಡ್ಡಪ್ಪ ಮಾತು ಬಿಟ್ಟಿದ್ದಾರೆ. ಇಂಥದ್ದೇ ಇನ್ನೂ ಹತ್ತು ಮಾಡೋಣ ಎಂದು ಗೆಳೆಯರ ಒತ್ತಾಯ. ನನಗೋ ಆ ಹಾಡು ಬೇರೆ ಯಾರೋ ಹಾಡಿದಂತೆ ಕೇಳಿಸುತ್ತದೆ. ಏನು ಮಾಡಲಿ?

ಉತ್ತರ: ಪತ್ರದ ಜೊತೆ ಎರಡು ಧ್ವನಿಮುದ್ರಣ ಕಳುಹಿಸಿದ್ದೀರಿ, ಜಾಣತನ. ರೀಲ್ಸ್‌ನದು ಒಂದು, ಗೆಳೆಯರು ಕೈಯಾಡಿಸುವ ಮೊದಲು ಬರೀ ಗಂಟಲಿನಲ್ಲಿ ಹಾಡಿದ್ದು ಇನ್ನೊಂದು. ನಾಲ್ಕು ಸಲ ಕೇಳಿದೆ. ನಿಮ್ಮ ಅನುಮಾನ ಸರಿ. ರೀಲ್ಸ್‌ನಲ್ಲಿ ಚೆಂಡೆಯಿದೆ, ಜಾಗಟೆಯಿದೆ, ಪದವೂ ಇದೆ. ನೀವಿಲ್ಲ.

ಪದದ ಕೊನೆಯ ಸಾಲನ್ನು ಗಮನಿಸಿ. ಬರೀ ಗಂಟಲಿನದರಲ್ಲಿ ಮೇಲಿನ ಸ್ವರವನ್ನು ಹಿಡಿದು, ಸ್ವಲ್ಪ ನಡುಗಿಸಿ, ಜಾರಿಸುತ್ತಾ ಕೆಳಗೆ ತರುತ್ತೀರಿ. ರೀಲ್ಸ್‌ನಲ್ಲಿ ಅದೇ ಸಾಲು ಮುರಕಲ್ಲಿನ ಮೆಟ್ಟಿಲು ಇಳಿದಂತೆ ಟಕಟಕನೆ ಇಳಿಯುತ್ತದೆ. ಇದು ಆಟೋಟ್ಯೂನ್ ಕೆಲಸ. 1997ರಲ್ಲಿ ಬಂದ ಈ ತಂತ್ರಾಂಶ ಸರಿದ ಸ್ವರವನ್ನು ಹತ್ತಿರದ ಸ್ವರಸ್ಥಾನಕ್ಕೆ ಎಳೆದು ಕೂರಿಸುತ್ತದೆ. ಅದರ ವೇಗ ಹೆಚ್ಚಿಸಿಟ್ಟರೆ ಎರಡು ಸ್ವರಗಳ ನಡುವಿನ ದಾರಿಯೇ ಅಳಿಸಿಹೋಗುತ್ತದೆ. ಭಾಗವತನ ಬದುಕೇ ಆ ದಾರಿಯಲ್ಲಿ! ಇನ್ನೊಂದು ಎಡವಟ್ಟು: ಮೊದಲು ಬೀಟ್ ಕಟ್ಟಿ, ಆಮೇಲೆ ಅದರ ಮೇಲೆ ಹಾಡಿದ್ದೀರಿ. ರಂಗಸ್ಥಳದಲ್ಲಿ ವೇಷದ ಹೆಜ್ಜೆ ನೋಡಿ ಪದ ನಿಧಾನವಾಗುತ್ತದೆ, ಏರುತ್ತದೆ. ಚೆಂಡೆ, ಮದ್ದಳೆ ಭಾಗವತನನ್ನು ಕಾಯುತ್ತವೆ. ಇಲ್ಲಿ ನೀವು ಕಂಪ್ಯೂಟರಿನ ಹಿಂದೆ ಓಡಿದ್ದೀರಿ.

ಹಾಗೆಂದು ಬೀಟ್ ಬಿಡಿ ಎನ್ನುವುದಿಲ್ಲ. ಮುಂದಿನ ಸಲ ಹಾಡನ್ನು ಮೊದಲು ಮುದ್ರಿಸಿ, ಬೀಟ್ ಅದರ ನಡೆಗೆ ಹೊಂದಿಕೊಳ್ಳಲಿ. ಸ್ವರ ತಿದ್ದುವ ಯಂತ್ರವನ್ನು ಮುಚ್ಚಿಡಿ. ಚೆಂಡೆಯನ್ನೂ ತೆಗೆದು ಒಮ್ಮೆ ಕೇಳಿ. ಆಗಲೂ ಊರಿನವರು ‘ಇದು ಅವನೇ’ ಎಂದರೆ, ಗಿಟಾರ್ ಬೇಕಾದರೂ ಸೇರಿಸಿಕೊಳ್ಳಿ.

ರೀಲ್ಸ್‌ನ ಅವಧಿ ಚಿಕ್ಕದು ಎಂಬ ನಿಮ್ಮ ಕೊರಗನ್ನು ನಾನು ಒಪ್ಪುವುದಿಲ್ಲ. 1902ರಲ್ಲಿ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಧ್ವನಿಮುದ್ರಿಸಿದಾಗ ಗ್ರಾಮಫೋನ್ ತಟ್ಟೆಯಲ್ಲಿ ಸಿಗುತ್ತಿದ್ದದ್ದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡುವವರು ಅಷ್ಟಕ್ಕೇ ರಾಗ ಹಿಡಿಸಿದರು. ಆಕೆಯಂತೂ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು.

ಗಾನಮೇಳದ ಬಗ್ಗೆ ನಿಮ್ಮ ಪತ್ರದಲ್ಲಿ ಯಾಕೋ ತಪ್ಪಿತಸ್ಥನ ದನಿಯಿದೆ. ಬೇಡ. ನಾಲ್ಕು ಭಾಷೆ ಕೇಳಿಸುವ ಊರಿನಲ್ಲಿ ಹುಟ್ಟಿದವನು ಮೂರರಲ್ಲಿ ಹಾಡಿ ಅನ್ನ ಸಂಪಾದಿಸುವುದರಲ್ಲಿ ಏನು ಕುಂದು?

ಇನ್ನು ದೊಡ್ಡಪ್ಪ. ಅವರೇನೂ ಬದಲಾವಣೆ ಕಾಣದವರಲ್ಲ. ಮೈಕ್ ಬಂತು, ಇಡೀ ರಾತ್ರಿಯ ಆಟಗಳಲ್ಲಿ ಎಷ್ಟೋ ಕೆಲವೇ ಗಂಟೆಗಳ ಕಾಲಮಿತಿಗೆ ಇಳಿದವು, ತುಳು ಪ್ರಸಂಗಗಳು ಬಂದವು. ಎಲ್ಲದರ ನಡುವೆಯೇ ಅವರೂ ಹಾಡಿದ್ದಾರೆ. ಇದನ್ನು ಅವರ ಎದುರು ವಾದವಾಗಿ ಹೂಡಬೇಡಿ, ಮಾರಾಯರೇ, ಮನೆ ಎರಡಾಗುತ್ತದೆ. ನೀವು ಹಾಡನ್ನು ಅವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ್ದೀರಿ ಎಂದು ಬರೆದಿದ್ದೀರಲ್ಲ, ಅರ್ಧ ಸಿಟ್ಟು ಅದಕ್ಕೇ ಇರಬಹುದು. ಕಲಿಸಿದವರಿಗೆ ಎಲ್ಲರ ಜೊತೆ ಒಂದು ಲಿಂಕ್!

ಮೇ ಕೊನೆಗೆ ಬರುವ ಪತ್ತನಾಜೆ ಕಳೆದು, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಅವರು ಮನೆಯಲ್ಲೇ ಸಿಗುತ್ತಾರೆ. ಮಳೆ ಹಿಡಿದ ಒಂದು ಸಂಜೆ ಹೋಗಿ. ಎರಡೂ ಧ್ವನಿಮುದ್ರಣ ಕೇಳಿಸಿ, ಬರೀ ಗಂಟಲಿನದು ಮೊದಲು. ಎಲ್ಲಿ ಜಾರಿದೆ ಎಂದು ಕೇಳಿ. ಅವರು ಬೈದು, ಆ ಕೊನೆಯ ಸಾಲನ್ನು ತಾವೇ ಹಾಡಿ ತೋರಿಸಲು ಹೊರಟರೆ, ಮೊಬೈಲ್ ಆಫ್ ಮಾಡಿ ಜಾಗಟೆ ಅವರ ಕೈಗೆ ಕೊಡಿ.