ಬಿಟ್ಟುಹೋದ ಪದಕ, ಬದಲಾದ ಹೆಸರು: ಮಾಜಿ ಸೈನಿಕರ ದಾಖಲೆ ಸರಿಪಡಿಸುವುದು ಹೇಗೆ?

ಮಿಲಿಟರಿ ಪೆನ್ಶನ್ ಮತ್ತು ಸೇವಾ ದಾಖಲೆಗಳ ಬಗ್ಗೆ ಕಾಸರಗೋಡು ಜಿಲ್ಲೆಯ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಈ ಸಲ ಉತ್ತರ.

ಪ್ರಶ್ನೆ: ನಮ್ಮ ತಂದೆ 1968ರಲ್ಲಿ ಮದ್ರಾಸ್ ರೆಜಿಮೆಂಟಿಗೆ ಸೇರಿ 1985ರಲ್ಲಿ ನಿವೃತ್ತರಾದರು. ಎಪ್ಪತ್ತೊಂದರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿದ್ದರು. ಡಿಸ್ಚಾರ್ಜ್ ಬುಕ್‌ನಲ್ಲಿ ಬರೆದಿರುವುದು ಸೈನ್ಯ ಸೇವಾ ಮೆಡಲ್ ಮತ್ತು 25ನೇ ಸ್ವಾತಂತ್ರ್ಯ ವಾರ್ಷಿಕೋತ್ಸವದ ಮೆಡಲ್, ಎರಡೇ. ಯುದ್ಧದ ಪದಕ ಈಗ ಕೇಳಬಹುದೇ? — ಬದಿಯಡ್ಕ

ಕೇಳಬಹುದು. ಇವು ಶೌರ್ಯ ಪ್ರಶಸ್ತಿಗಳಲ್ಲ, ಸೇವಾ ಪದಕಗಳು. ಇದಕ್ಕೆ ಯಾರ ಶಿಫಾರಸೂ ಬೇಕಿಲ್ಲ. ಇಂಥ ತಾರೀಕಿನಲ್ಲಿ ಇಂಥ ಜಾಗದಲ್ಲಿ ಇದ್ದರು ಎಂದು ದಾಖಲೆ ತೋರಿಸಿದರೆ ಹಕ್ಕು ಹುಟ್ಟುತ್ತದೆ. 1971ರ ಯುದ್ಧಕಾಲದ ಸೇವೆಗೆ ಸಂಗ್ರಾಮ್ ಮೆಡಲ್, ಪಶ್ಚಿಮ ರಣರಂಗದಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದಲ್ಲಿ ಇದ್ದವರಿಗೆ ಪೂರ್ವಿ ಸ್ಟಾರ್. ನೀವು ಕೇಳದಿದ್ದ ಇನ್ನೊಂದೂ ಇಲ್ಲಿದೆ: ಹದಿನೇಳು ವರ್ಷ ಸೇವೆ ಮಾಡಿದವರ ಪಟ್ಟಿಯಲ್ಲಿ 9 ವರ್ಷದ ಲಾಂಗ್ ಸರ್ವಿಸ್ ಮೆಡಲ್ ಇರಬೇಕಿತ್ತು. ಅದನ್ನೂ ಅದೇ ಅರ್ಜಿಯಲ್ಲಿ ಸೇರಿಸಿ.

ಆದರೆ ಅರ್ಜಿ ಬರೆಯುವ ಮೊದಲು ನಿಮ್ಮದು ಯಾವ ಬಗೆಯ ಕೊರತೆ ಎಂದು ತಿಳಿದುಕೊಳ್ಳಿ. ಪದಕ ಮಂಜೂರಾದದ್ದು ಪಾರ್ಟ್ ಟು ಆರ್ಡರ್‌ನಲ್ಲಿ (ಸೈನಿಕನ ಸೇವಾ ವಿವರಗಳನ್ನು ದಾಖಲಿಸುವ ಅಧಿಕೃತ ಆದೇಶ) ಪ್ರಕಟವಾಗಿ, ಡಿಸ್ಚಾರ್ಜ್ ಬುಕ್ ಬರೆಯುವಾಗ ಬಿಟ್ಟುಹೋಗಿರಬಹುದು. ಆಗ ಅದು ಬರೀ ನಕಲು ತಪ್ಪು, ಬೇಗ ಸರಿಯಾಗುತ್ತದೆ. ಪಾರ್ಟ್ ಟು ಆರ್ಡರೇ ಆಗದಿರಬಹುದು. ಆಗ ಹಕ್ಕನ್ನು ಮೊದಲಿನಿಂದ ಸಾಬೀತುಪಡಿಸಬೇಕು. ಇನ್ನು ಕೆಲವರಿಗೆ ಎಲ್ಲವೂ ಬರಹದಲ್ಲಿ ಇರುತ್ತದೆ, ಪದಕ ಮಾತ್ರ ಕೈಗೆ ಬಂದಿರುವುದಿಲ್ಲ. ಮೂರಕ್ಕೂ ಒಂದೇ ಥರ ‘ನನ್ನ ಮೆಡಲ್ ಕೊಡಿ’ ಎಂದು ಬರೆದರೆ ‘ದಾಖಲೆ ಪ್ರಕಾರ ಕ್ರಮ ಕೈಗೊಳ್ಳಲಾಗಿದೆ’ ಎಂಬ ಒಂದು ಸಾಲಿನ ಉತ್ತರ ಬಂದು ಕಡತ ಮುಚ್ಚುತ್ತದೆ.

ಹಾಗಾಗಿ ಮೊದಲ ಪತ್ರ ಮಾಹಿತಿಗೆ, ಎರಡನೆಯದು ಪದಕಕ್ಕೆ. ಸೈನಿಕರ ಸೇವಾ ದಾಖಲೆ ಇಡುವ, ಮದ್ರಾಸ್ ರೆಜಿಮೆಂಟಿನ ರೆಕಾರ್ಡ್ ಆಫೀಸ್ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ. ಶೀಟ್ ರೋಲ್‌ನ (ಸೈನಿಕನ ಸೇವಾ ವಿವರದ ಹಾಳೆ) ನಕಲು, ಪದಕಗಳಿಗೆ ಸಂಬಂಧಿಸಿದ ಪಾರ್ಟ್ ಟು ಆರ್ಡರ್‌ಗಳ ನಕಲು, 1971ರ ಡಿಸೆಂಬರ್‌ನಲ್ಲಿ ಅವರು ಯಾವ ಯುನಿಟ್‌ನ ಪಟ್ಟಿಯಲ್ಲಿದ್ದರು ಎಂಬುದು, ಈ ಮೂರನ್ನು ಕೇಳಿ. ತಂದೆಯವರು ಇದ್ದಾರಾದರೆ ಸಹಿ ಅವರದ್ದೇ ಇರಬೇಕು. ಮಗನ ಸಹಿ ಹಾಕಿದ ಪತ್ರ ಅಲ್ಲಿಂದಲೇ ವಾಪಸು ಬರುತ್ತದೆ. ತೀರಿಕೊಂಡಿದ್ದರೆ ತಾಯಿಯ ಹೆಸರಿನಲ್ಲಿ, ಮರಣ ಪ್ರಮಾಣಪತ್ರದ ಪ್ರತಿಯೊಂದಿಗೆ ಕಳಿಸಿ.

ಎರಡನೇ ಪತ್ರದಲ್ಲಿ ಭಾವನೆಗೆ ಜಾಗ ಕೊಡಬೇಡಿ. ಆರ್ಮಿ ನಂಬರ್, ರ‍್ಯಾಂಕ್, ಡಿಸ್ಚಾರ್ಜ್ ಬುಕ್‌ನಲ್ಲಿ ಇರುವ ಹಾಗೆಯೇ ಹೆಸರು, ಬೆಟಾಲಿಯನ್, ಕಂಪನಿ, ಯುದ್ಧದ ಜಾಗಕ್ಕೆ ಹೋದ ಮತ್ತು ಬಂದ ತಾರೀಕು, ಇಷ್ಟು ಸಾಕು. ‘ಬೆಟಾಲಿಯನ್ ಯುದ್ಧಕ್ಕೆ ಹೋಗಿತ್ತು’ ಎಂಬುದು ಸಾಕ್ಷ್ಯವಾಗುವುದಿಲ್ಲ. ಆ ದಿನಗಳಲ್ಲಿ ಅವರು ವೆಲ್ಲಿಂಗ್ಟನ್ ಸೆಂಟರ್‌ನಲ್ಲೋ ಕೋರ್ಸ್‌ನಲ್ಲೋ ಇದ್ದಿದ್ದರೆ ಸ್ಟಾರ್ ಸಿಗುವುದಿಲ್ಲ. ಪದಕದ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗುವುದು ಸಾಮಾನ್ಯವಾಗಿ ವರ್ಗಾವಣೆ ಆದವರದ್ದು: ಯುದ್ಧ ಮುಗಿದು ಪಟ್ಟಿ ತಯಾರಾಗುವ ಹೊತ್ತಿಗೆ ಅವರು ಬೇರೆ ಯುನಿಟ್‌ನಲ್ಲಿರುತ್ತಾರೆ, ಹಳೆಯವರು ‘ಹೋದರಲ್ಲ’ ಎಂದು ಬಿಟ್ಟಿರುತ್ತಾರೆ, ಹೊಸಬರು ‘ನಮ್ಮಲ್ಲಿ ಇರಲಿಲ್ಲವಲ್ಲ’ ಎಂದು ಬಿಟ್ಟಿರುತ್ತಾರೆ. ಶೀಟ್ ರೋಲ್‌ನಲ್ಲಿ ಪೋಸ್ಟಿಂಗ್ ತಾರೀಕು 1972ರ ಆಸುಪಾಸಿನಲ್ಲಿ ಕಂಡರೆ ನಿಮ್ಮ ಕೊರತೆಯ ಮೂಲ ಬಹುಶಃ ಅಲ್ಲೇ.

ಸರಕಾರ ಕೊಡುವ ಪದಕದ ಮೇಲೆ ನಂಬರ್, ರ‍್ಯಾಂಕ್, ಹೆಸರು ಕೊರೆದಿರುತ್ತದೆ. ಬಂದ ಕೂಡಲೇ ಅದನ್ನು ಓದಿ ನೋಡಿ. ಪದಕ ಕಳೆದುಹೋಗಿದ್ದರೆ ಪೊಲೀಸ್ ದೂರಿನ ಪ್ರತಿ ಮತ್ತು ಅಫಿದವಿತ್ ಇಟ್ಟು ಹಣ ಕಟ್ಟಿ ಬದಲಿ ಪದಕ ಕೇಳಬಹುದು. ಅಂಗಡಿಯಲ್ಲಿ ಸಿಗುವುದು ಎದೆಗೆ ಚುಚ್ಚಿಕೊಳ್ಳಲು ಚೆನ್ನ, ದಾಖಲೆಗೆ ಅದರಿಂದ ಏನೂ ಆಗುವುದಿಲ್ಲ.

ಶೌರ್ಯ ಪ್ರಶಸ್ತಿಯ ದಾರಿ ಬೇರೆ. ಆ ಕಾಲದಲ್ಲಿ ಶಿಫಾರಸು ಆಗಿ ಭಾರತ ಗೆಜೆಟ್‌ನಲ್ಲಿ ಪ್ರಕಟವಾಗಿರಬೇಕು, ಈಗ ಹೊಸದಾಗಿ ಬೇಡುವಂತಿಲ್ಲ. ಗೆಜೆಟ್‌ನಲ್ಲಿ ಇದ್ದು ಪಿಪಿಒದಲ್ಲಿ (ಪೆನ್ಶನ್ ಪಾವತಿ ಆದೇಶ) ಇಲ್ಲದಿದ್ದರೆ ಮಾತ್ರ ಬಿಡಬೇಡಿ. 2017ರ ಆಗಸ್ಟ್‌ನಿಂದ ಸೇನಾ ಮೆಡಲ್ (ಶೌರ್ಯ) ಪಡೆದವರಿಗೆ ತಿಂಗಳಿಗೆ 2,000, ವೀರಚಕ್ರಕ್ಕೆ 7,000 ರೂಪಾಯಿ ಭತ್ಯೆ ಇದೆ.

ಪ್ರಶ್ನೆ: ಪಿಪಿಒದಲ್ಲಿ ನನ್ನ ಹೆಂಡತಿಯ ಹೆಸರು ‘ಲೀಲಾ ದೇವಿ’ ಎಂದಿದೆ. ಆಧಾರ್‌ನಲ್ಲಿ ಲೀಲಾವತಿ. ಅವಳ ಜನ್ಮದಿನಾಂಕದ ಜಾಗ ಖಾಲಿ. ನನ್ನ ನಂತರ ಅವಳಿಗೆ ತೊಂದರೆಯಾದೀತೇ? — ಕುಂಬಳೆ

ಆಗುತ್ತದೆ. ನೀವು ಬದುಕಿರುವಾಗಲೇ ಸರಿಮಾಡಿಸಿ. ಇಬ್ಬರೂ ಕೂಡಿ ಸಹಿ ಹಾಕುವ ಅರ್ಜಿಗೂ, ಒಂಟಿಯಾಗಿ ವಿಧವೆಯೊಬ್ಬರು ಅಲೆಯುವುದಕ್ಕೂ ಅಜಗಜಾಂತರ. ಉತ್ತರ ಭಾರತದ ಕ್ಲಾರ್ಕ್ ಬರೆದ ಕಡತಗಳಲ್ಲಿ ನಮ್ಮ ಹೆಂಗಸರೆಲ್ಲ ‘ದೇವಿ’ಯರಾದದ್ದು, ನಾರಾಯಣ ‘ನರೈನ್’ ಆದದ್ದು ಹೊಸತೇನಲ್ಲ.

ಖಾಲಿ ಜನ್ಮದಿನಾಂಕ ಹೆಸರಿಗಿಂತ ದುಬಾರಿ ತಪ್ಪು. ಪೆನ್ಶನ್‌ಗೆ 80 ವರ್ಷ ತುಂಬಿದಾಗ ಶೇ. 20, 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50, ನೂರಕ್ಕೆ ಶೇ. 100 ಹೆಚ್ಚುವರಿ ಸಿಗುತ್ತದೆ. ಕುಟುಂಬ ಪೆನ್ಶನ್‌ಗೂ ಇದೇ ಲೆಕ್ಕ. ತಾರೀಕೇ ಇಲ್ಲದಿದ್ದರೆ ಎಂಬತ್ತು ಯಾವಾಗ ತುಂಬಿತೆಂದು ಯಾರು ಹೇಳಬೇಕು?

ಕ್ರಮ ಹೀಗೆ. ಮೊದಲು ರೆಕಾರ್ಡ್ ಆಫೀಸ್, ಅಲ್ಲಿ ಪಾರ್ಟ್ ಟು ಆರ್ಡರ್. ಅದರ ಮೇಲೆ ಪ್ರಯಾಗ್‌ರಾಜ್‌ನಲ್ಲಿರುವ ರಕ್ಷಣಾ ಪೆನ್ಶನ್ ಲೆಕ್ಕಪತ್ರ ಕಚೇರಿ ಪಿಸಿಡಿಎ (ಪೆನ್ಶನ್ಸ್) ತಿದ್ದುಪಡಿ ಪಿಪಿಒ ಹೊರಡಿಸುತ್ತದೆ. ಬುಡ ತಿದ್ದದೆ ಸ್ಪರ್ಶ್‌ನಲ್ಲಿ (ರಕ್ಷಣಾ ಪೆನ್ಶನ್‌ನ ಆನ್‌ಲೈನ್ ವ್ಯವಸ್ಥೆ) ಮಾತ್ರ ಬದಲಿಸಲು ಹೊರಟರೆ ಎರಡು ದಾಖಲೆ ಎರಡು ಥರ ಹೇಳುತ್ತವೆ. ಪಿಪಿಒ ಸರಿಯಿದ್ದು ಸ್ಪರ್ಶ್‌ಗೆ ಏರಿಸುವಾಗ ತಪ್ಪಾಗಿದ್ದರೆ ಮಾತ್ರ ಸ್ಪರ್ಶ್ ಲಾಗಿನ್‌ನಲ್ಲೇ ದೂರು ಕೊಡಿ.

ಲಗತ್ತಿಸಬೇಕಾದವು: ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ ಪ್ರತಿ, ಇಬ್ಬರ ಆಧಾರ್ ಮತ್ತು ಪ್ಯಾನ್, ಜೋಡಿ ಫೋಟೋ, ಮದುವೆ ಪ್ರಮಾಣಪತ್ರ, ‘ಎರಡೂ ಹೆಸರು ಒಬ್ಬರದ್ದೇ’ ಎಂಬ ಅಫಿದವಿತ್, ಜಿಲ್ಲಾ ಸೈನಿಕ ಕ್ಷೇಮ ಕಚೇರಿಯ ಮುಖಾಂತರ ಪತ್ರ. ಅಫಿದವಿತ್‌ಗೆ ನೋಟರಿ ಸಾಕೋ ಮ್ಯಾಜಿಸ್ಟ್ರೇಟ್ ಬೇಕೋ ಎಂದು ಸೈನಿಕ ಕ್ಷೇಮ ಕಚೇರಿಯಲ್ಲಿ ಮೊದಲೇ ಕೇಳಿ ಮಾಡಿಸಿ, ಸ್ಟಾಂಪ್ ಪೇಪರ್‌ನ ಹಣ ಉಳಿಯುತ್ತದೆ. ವಿಲೇಜ್ ಆಫೀಸ್ ಕೊಡುವ ‘ವನ್ ಆ್ಯಂಡ್ ಸೇಮ್’ ಸರ್ಟಿಫಿಕೇಟನ್ನು ಅಕ್ಷಯ ಕೇಂದ್ರದ ಮೂಲಕ ಮಾಡಿಸಿ ಜೊತೆಗಿಡಿ.

ಹಳೆಯ ಮದುವೆ ನೋಂದಣಿ ಆಗಿಲ್ಲವಾದರೆ ಕೇರಳದ 2008ರ ವಿವಾಹ ನೋಂದಣಿ ನಿಯಮದಡಿ ಪಂಚಾಯತಿನಲ್ಲಿ ಈಗಲೂ ಮಾಡಿಸಬಹುದು. ಇಲ್ಲೊಂದು ಎಡವಟ್ಟು ಕಾದಿರುತ್ತದೆ. ಪಂಚಾಯತಿನಲ್ಲಿ ನೆನಪಿನಿಂದ ಒಂದು ತಾರೀಕು ಹೇಳುತ್ತೀರಿ. ಮಿಲಿಟರಿಯಲ್ಲಿ ನಲ್ವತ್ತು ವರ್ಷ ಹಿಂದೆ ನೀವೇ ಕೊಟ್ಟ ತಾರೀಕು ಬೇರೆ ಇರುತ್ತದೆ. ಒಂದು ತಪ್ಪು ತಿದ್ದಲು ಹೋಗಿ ಇನ್ನೊಂದು ಹುಟ್ಟುತ್ತದೆ. ಡಿಸ್ಚಾರ್ಜ್ ಬುಕ್ ಕೈಯಲ್ಲಿ ಹಿಡಿದೇ ಪಂಚಾಯತಿಗೆ ಹೋಗಿ. ಅದರಲ್ಲಿರುವ ತಾರೀಕೇ ತಪ್ಪೆಂದು ಖಚಿತವಿದ್ದರೆ ಅದರ ತಿದ್ದುಪಡಿಯನ್ನೂ ಇದೇ ಅರ್ಜಿಯಲ್ಲಿ ಕೇಳಿ.

ತಪ್ಪಿರುವುದು ನಿಮ್ಮದೇ ಹೆಸರಾಗಿದ್ದರೆ ನಮ್ಮ ಸಲಹೆ ಉಲ್ಟಾ: ಸೈನ್ಯದ ದಾಖಲೆ ಮುಟ್ಟಬೇಡಿ, ಆಧಾರ್ ಮತ್ತು ಪ್ಯಾನನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಇರುವುದು ಎರಡೇ ಅವಕಾಶ, ಇನಿಷಿಯಲ್ ಬಿಡಿಸಿ ಬರೆಯುವಾಗ ಎಚ್ಚರ. ನಿಮ್ಮ ಸ್ವಂತ ಜನ್ಮದಿನಾಂಕ ನಿವೃತ್ತಿಯ ನಂತರ ಬದಲಾಗುವುದಿಲ್ಲ. ಸೈನ್ಯಕ್ಕೆ ಸೇರುವಾಗಿನ ಫಾರಂನಲ್ಲಿ ಸರಿಯಿದ್ದು ಮುಂದೆ ನಕಲಿಸುವಾಗ ತಪ್ಪಿದ್ದರೆ ಮಾತ್ರ ಮಾತಾಡಬಹುದು.

ಪ್ರಶ್ನೆ: ಡಿಸ್ಚಾರ್ಜ್ ಬುಕ್‌ನಲ್ಲಿ ಜಿಲ್ಲೆ ಕಣ್ಣೂರು ಎಂದಿದೆ. ಅಣ್ಣನದ್ದರಲ್ಲಿ ದಕ್ಷಿಣ ಕನ್ನಡ. ಇಬ್ಬರೂ ಒಂದೇ ಮನೆಯವರು. ತಿದ್ದಿಸಬೇಕೇ? — ಮಂಜೇಶ್ವರ

ಬೇಡ, ಎರಡೂ ಸರಿ. 1956ರ ನವೆಂಬರ್ 1ರ ತನಕ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಲ್ಲಿತ್ತು. ಆಮೇಲೆ ಕೇರಳಕ್ಕೆ ಸೇರಿ ಕಣ್ಣೂರು ಜಿಲ್ಲೆಯ ಪಾಲಾಯಿತು. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ಕ್ಕೆ, ಮಂಜೇಶ್ವರ ತಾಲೂಕು 2014ರಲ್ಲಿ. ಮನೆ ಕದಲಲಿಲ್ಲ, ಗಡಿ ಕದಲಿತು. ಯಾರಾದರೂ ತಕರಾರು ತೆಗೆದರೆ ತಹಶೀಲ್ದಾರರಿಂದ ಒಂದು ಪತ್ರ ತನ್ನಿ. ಈ ಜಿಲ್ಲೆಯ ರಾಜ್ಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಅರ್ಜಿ ಕೊಡುವ ಹಕ್ಕು ನಿಮಗಿದೆ. ರೆಕಾರ್ಡ್ ಆಫೀಸಿಗೆ ಮಾತ್ರ ಇಂಗ್ಲಿಷ್ ಇಲ್ಲವೇ ಹಿಂದಿ.

ಪ್ರಶ್ನೆ: ಮಾವ ಆರು ವರ್ಷ ಸೇವೆ ಮಾಡಿ 1979ರಲ್ಲಿ ಪೆನ್ಶನ್ ಇಲ್ಲದೆ ಬಂದವರು. ದಾಖಲೆ ಕೇಳಿದರೆ ‘ನಾಶಪಡಿಸಲಾಗಿದೆ’ ಎಂಬ ಉತ್ತರ. ದಾರಿ ಇದೆಯೇ? — ಪೆರ್ಲ

ಉತ್ತರ ಸುಳ್ಳಲ್ಲ. ಪೆನ್ಶನ್ ಇಲ್ಲದೆ ಬಂದವರ ಕಡತವನ್ನು 25 ವರ್ಷದ ಬಳಿಕ ನಾಶಪಡಿಸಲು ಸೈನ್ಯದ ನಿಯಮದಲ್ಲೇ ಅವಕಾಶವಿದೆ. ಆದರೆ ಲಾಂಗ್ ರೋಲ್ ಎಂಬ ರಿಜಿಸ್ಟರ್ ಉಳಿದಿರುತ್ತದೆ. ಅದರ ಸಂಬಂಧಪಟ್ಟ ಪುಟದ ನಕಲನ್ನು ‘ಲಾಂಗ್ ರೋಲ್’ ಎಂದು ಹೆಸರು ಹೇಳಿಯೇ ಕೇಳಿ. ‘ಎಲ್ಲ ದಾಖಲೆ ಕೊಡಿ’ ಎಂದರೆ ಮತ್ತೆ ಅದೇ ಉತ್ತರ ಬರುತ್ತದೆ.

ಮಾಹಿತಿ ಹಕ್ಕಿನಡಿ ಕೇಳುವುದು ಒಳ್ಳೆಯದು. ಶುಲ್ಕ 10 ರೂಪಾಯಿ, ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ಆಗಿರಲಿ. ನಮ್ಮಲ್ಲಿ ಹಲವರು ರಾಜ್ಯದ ಕಚೇರಿಗೆ ಅಂಟಿಸಿದ ಹಾಗೆ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಕಳಿಸುತ್ತಾರೆ. ಕೇಂದ್ರದ ಕಚೇರಿಗೆ ಅದು ನಡೆಯುವುದಿಲ್ಲ. 30 ದಿನದೊಳಗೆ ಉತ್ತರ ಬರಬೇಕು, ತೃಪ್ತಿಯಾಗದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ. ಕಳಿಸುವ ರೆಕಾರ್ಡ್ ಆಫೀಸಿನ ವಿಳಾಸ ತಪ್ಪಬಾರದು: ಆರ್ಟಿಲರಿಯವರಿಗೆ ನಾಸಿಕ್ ರೋಡ್ ಕ್ಯಾಂಪ್, ಸಿಗ್ನಲ್ಸ್‌ಗೆ ಜಬಲ್ಪುರ, ಇಎಂಇಗೆ (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಇಂಜಿನಿಯರ್ಸ್) ಸಿಕಂದರಾಬಾದ್, ಮದ್ರಾಸ್ ಇಂಜಿನಿಯರ್ ಗ್ರೂಪ್‌ಗೆ ಬೆಂಗಳೂರು. ಡಿಎಸ್‌ಸಿಯಲ್ಲಿ (ಡಿಫೆನ್ಸ್ ಸೆಕ್ಯುರಿಟಿ ಕೋರ್) ಎರಡನೇ ಸಲ ಸೇವೆ ಮಾಡಿದವರಿಗೆ ಕಣ್ಣೂರು ಹತ್ತಿರವೇ ಇದೆ. ಅಂಥವರಿಗೆ ಪಿಪಿಒ ಎರಡಿದ್ದರೆ ತಿದ್ದುಪಡಿಯೂ ಎರಡು ಕಡೆ ಆಗಬೇಕು.

ಹಕ್ಕಿದ್ದೂ ಲಿಖಿತವಾಗಿ ನಿರಾಕರಿಸಿದರೆ ಕೊಚ್ಚಿಯಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠವಿದೆ. ಅಂತಿಮ ಆದೇಶದ ದಿನದಿಂದ ಆರು ತಿಂಗಳೊಳಗೆ ಅಲ್ಲಿಗೆ ಹೋಗಬೇಕು. ನಿರಾಕರಣೆಯ ಪತ್ರ ಬಂದ ಲಕೋಟೆಯನ್ನು ಎಸೆಯಬೇಡಿ, ಅದರ ಮೇಲಿನ ಅಂಚೆ ಮುದ್ರೆಯ ತಾರೀಕು ಅಲ್ಲಿ ಬೇಕಾಗುತ್ತದೆ.