ಜರ್ಮನ್ ಓದುವುದು ಅಂದರೆ ಏನನ್ನು ಓದುವುದು?

ಪ್ರಶ್ನೆ: ನಾನು ಬಿಎ ಎರಡನೇ ವರ್ಷದಲ್ಲಿದ್ದೇನೆ. ಐಚ್ಛಿಕ ಕನ್ನಡ ಮತ್ತು ಇತಿಹಾಸ ನನ್ನ ವಿಷಯಗಳು. ಆನ್‌ಲೈನ್ ಕ್ಲಾಸಿನಲ್ಲಿ ಜರ್ಮನ್ ಕಲಿತು ಎ2 ಪರೀಕ್ಷೆ ಪಾಸು ಮಾಡಿದ್ದೇನೆ. ಜರ್ಮನಿಗೇ ಹೋಗಿ ಜರ್ಮನ್ ಸಾಹಿತ್ಯ ಓದಬೇಕು ಅಂತ ಆಸೆ. ಮನೆಯಲ್ಲಿ, ಒಂದು ಭಾಷೆ ಕಲಿಯಲಿಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಅನ್ನುತ್ತಾರೆ. ಅಲ್ಲಿ ನಿಜವಾಗಿ ಏನು ಕಲಿಸುತ್ತಾರೆ?
- ಓದುಗರೊಬ್ಬರು, ಹಾಸನ

ಉತ್ತರ: ಮನೆಯವರ ಮಾತು ಅರ್ಧ ಸರಿ. ಬರೀ ಭಾಷೆ ಕಲಿಯಲಿಕ್ಕಾದರೆ ಅಷ್ಟು ದೂರ ಹೋಗಬೇಕಿಲ್ಲ. ಆದರೆ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಗೆರ್ಮಾನಿಸ್ಟಿಕ್ ಅಂತ ಕರೆಯುವ ಈ ವಿಷಯ ಭಾಷೆ ಕಲಿಸುವ ಕೋರ್ಸ್ ಅಲ್ಲವೇ ಅಲ್ಲ. ನಿಮಗೆ ಭಾಷೆ ಬರುತ್ತದೆ ಅಂತ ಇಟ್ಟುಕೊಂಡೇ ಮೊದಲ ದಿನದ ಪಾಠ ಶುರುವಾಗುತ್ತದೆ. ನಿಮ್ಮ ಐಚ್ಛಿಕ ಕನ್ನಡ ಕ್ಲಾಸಿನಲ್ಲಿ ಯಾರೂ ಕಾಗುಣಿತ ಹೇಳಿಕೊಡಲಿಲ್ಲ, ಅಲ್ವಾ? ಹಾಗೆಯೇ. ಭಾಷೆಯ ಮಟ್ಟಗಳನ್ನು ಎ1ರಿಂದ ಸಿ2 ತನಕ ಆರಾಗಿ ಎಣಿಸುತ್ತಾರೆ, ಸೇರುವಾಗಲೇ ಸಾಮಾನ್ಯವಾಗಿ ಐದನೆಯದಾದ ಸಿ1 ಮಟ್ಟ ಕೇಳುತ್ತಾರೆ. ಅದನ್ನು ತೋರಿಸಲಿಕ್ಕೆ ಟೆಸ್ಟ್‌ಡಾಫ್ ಅಥವಾ ವಿಶ್ವವಿದ್ಯಾಲಯಗಳೇ ನಡೆಸುವ ಡಿಎಸ್‌ಎಚ್‌ನಂಥ ಪರೀಕ್ಷೆ ಬರೆಯಬೇಕು. ಎ2ನಿಂದ ಅಲ್ಲಿಗೆ ಬಿ1, ಬಿ2 ದಾಟಿ ಹೋಗಬೇಕು, ಅವಸರ ಮಾಡಿದರೆ ಆಗುವ ಕೆಲಸ ಅಲ್ಲ.

ಓದುವುದು ಮುಖ್ಯವಾಗಿ ಮೂರು ಕವಲುಗಳಲ್ಲಿ: ಹೊಸ ಸಾಹಿತ್ಯ, ಹಳೆಯ ಸಾಹಿತ್ಯ, ಭಾಷಾವಿಜ್ಞಾನ. ಹೊರಗಿನಿಂದ ಹೋದವರು ಕಾಫ್ಕಾ, ಬ್ರೆಕ್ಟ್‌ರಂಥ ಇಪ್ಪತ್ತನೇ ಶತಮಾನದ ಲೇಖಕರನ್ನು ಓದುತ್ತೇವೆ ಅಂದುಕೊಂಡು ಹೋಗಿರುತ್ತಾರೆ, ಹಳೆಯ ಸಾಹಿತ್ಯದ ಪತ್ರಿಕೆ ನೋಡಿ ಬೆಚ್ಚುತ್ತಾರೆ. ಆದರೆ ನೀವು ಹೆದರಬೇಕಿಲ್ಲ, ಯಾಕೆಂದರೆ ನೀವು ಹಳಗನ್ನಡ ಓದಿದ್ದೀರಿ. ಜನ್ನ ಯಶೋಧರ ಚರಿತೆ ಬರೆದದ್ದು 1209ರಲ್ಲಿ. ಜರ್ಮನ್ನರ ದೊಡ್ಡ ವೀರಕಾವ್ಯ ನಿಬೆಲುಂಗನ್‌ಲೀಡ್ ಹುಟ್ಟಿದ್ದೂ ಅದೇ ಕಾಲದಲ್ಲಿ, 1200ರ ಆಸುಪಾಸು. ಅದರ ಭಾಷೆ ಇವತ್ತಿನ ಜರ್ಮನ್ ಹುಡುಗರಿಗೂ ಸುಮ್ನೆ ಓದಿದರೆ ಅರ್ಥವಾಗುವುದಿಲ್ಲ. ಅವರೂ ವ್ಯಾಕರಣ ಹಿಡಿದುಕೊಂಡು ಸಾಲು ಸಾಲಾಗಿ ಬಿಡಿಸಬೇಕು. ಪದ್ಯವನ್ನು ಅನ್ವಯ ಮಾಡಿ ಓದಿ ಅಭ್ಯಾಸ ಇರುವವರಿಗೆ ಈ ಕೆಲಸ ಹೊಸದಲ್ಲ. ಇಡೀ ಡಿಗ್ರಿಯಲ್ಲಿ ನೀವು ಸ್ಥಳೀಯರ ಸಮಕ್ಕೆ ನಿಲ್ಲುವ ಜಾಗ ಇದೇ ಅಂತ ನನಗನ್ನಿಸುತ್ತದೆ.

ಹೊಸ ಸಾಹಿತ್ಯದ ಸೆಮಿನಾರು ಹೇಗಿರುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಗಿಯೋರ್ಗ್ ಬ್ಯೂಶ್ನರ್ ಅಂತ ಒಬ್ಬ ನಾಟಕಕಾರ ಇದ್ದ. 1837ರಲ್ಲಿ ತೀರಿಕೊಂಡಾಗ ಅವನಿಗೆ ಬರೀ 23 ವರ್ಷ. ಬಡ ಸಿಪಾಯಿಯೊಬ್ಬನ ಕಥೆ ಹೇಳುವ 'ವೊಯ್ಟ್ಸೆಕ್' ನಾಟಕ ಅವನ ಮೇಜಿನ ಮೇಲೆ ಪೂರ್ತಿಯಾಗದೆ ಉಳಿಯಿತು. ಬಿಡಿ ಬಿಡಿ ಕರಡುಗಳು, ಕಷ್ಟದ ಕೈಬರಹ, ಯಾವ ದೃಶ್ಯ ಮೊದಲು ಯಾವುದು ಆಮೇಲೆ ಅಂತ ಖಚಿತವಿಲ್ಲ. ಅದು ರಂಗಕ್ಕೆ ಬಂದದ್ದು 1913ರಲ್ಲಿ, ಮ್ಯೂನಿಕ್‌ನಲ್ಲಿ. ಇವತ್ತಿಗೂ ದೃಶ್ಯಗಳ ಕ್ರಮದ ಬಗ್ಗೆ ವಾದ ಇದೆ, ಕ್ರಮ ಬದಲಾದರೆ ನಾಟಕದ ಅರ್ಥವೂ ಬದಲಾಗುತ್ತದೆ. ಸೆಮಿನಾರಿನಲ್ಲಿ ಅದನ್ನೇ ಇಟ್ಟುಕೊಂಡು ಕೂರುತ್ತಾರೆ. ಪ್ರೊಫೆಸರ್ ನೋಟ್ಸ್ ಹೇಳಿ ಬರೆಸುವುದಿಲ್ಲ. ನೀವು ಓದಿಕೊಂಡು ಬಂದು ಬಾಯಿಬಿಟ್ಟು ಮಾತಾಡಬೇಕು, ಸರದಿ ಬಂದಾಗ ಎದುರು ನಿಂತು ವಿಷಯ ಮಂಡಿಸಬೇಕು, ಸೆಮಿಸ್ಟರ್ ಮುಗಿದ ಮೇಲೆ ರಜೆಯಲ್ಲಿ ಲೈಬ್ರರಿಯಲ್ಲಿ ಕೂತು ಹತ್ತಾರು ಪುಟದ ಪ್ರಬಂಧ ಬರೆದು ಒಪ್ಪಿಸಬೇಕು. ನಮ್ಮ ಮಕ್ಕಳಿಗೆ ಭಾಷೆಗಿಂತ ಜಾಸ್ತಿ ಕಷ್ಟ ಕೊಡುವುದು ಈ ಪದ್ಧತಿ. ಪರೀಕ್ಷೆಗೆ ಮುಂಚಿನ ವಾರ ಓದಿದರಾಯಿತು ಅನ್ನುವವರು ಅಲ್ಲಿ ಉಳಿಯುವುದಿಲ್ಲ.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು, ಈ ವಿಷಯದ ಮೇಲೆ ನನಗೆ ಗೌರವ ಮೂಡಿಸಿದ್ದೇ ಅದು. ಗೆರ್ಮಾನಿಸ್ಟಿಕ್ ಕಟ್ಟಿದ ಮೊದಲಿಗರಲ್ಲಿ ಗ್ರಿಮ್ ಸೋದರರಿದ್ದರು. ಹೌದು, ಮಕ್ಕಳ ಕಥೆಗಳ ಗ್ರಿಮ್‌ಗಳೇ. ಅವರು ಶುರು ಮಾಡಿದ ಜರ್ಮನ್ ನಿಘಂಟಿನ ಮೊದಲ ಸಂಪುಟ 1854ರಲ್ಲಿ ಬಂತು, ಕೆಲಸ ಮುಗಿಯಲಿಕ್ಕೆ ನೂರು ವರ್ಷದ ಮೇಲಾಯಿತು. ಅಂಥ ಪರಂಪರೆಯ ಈ ಶಾಸ್ತ್ರವೇ ಆಮೇಲೆ ದಾರಿ ತಪ್ಪಿತು. ನಾಜಿಗಳು ಅಧಿಕಾರಕ್ಕೆ ಬಂದ ವರ್ಷ, 1933ರ ಮೇ 10ರಂದು, ಬರ್ಲಿನ್ನಿನಲ್ಲಿ, ಬೇರೆ ಬೇರೆ ವಿಶ್ವವಿದ್ಯಾಲಯದ ಊರುಗಳಲ್ಲಿ ನಾಜಿಗಳಿಗೆ ಆಗದ ಪುಸ್ತಕಗಳನ್ನು ಸುಟ್ಟವರು ವಿದ್ಯಾರ್ಥಿಗಳೇ, ಅದನ್ನು ಬೆಂಬಲಿಸಿ ಭಾಷಣ ಮಾಡಿದವರಲ್ಲಿ ಜರ್ಮನ್ ಸಾಹಿತ್ಯದ ಪ್ರೊಫೆಸರುಗಳೂ ಇದ್ದರು. 1966ರಲ್ಲಿ ಮ್ಯೂನಿಕ್‌ನಲ್ಲಿ ನಡೆದ ಗೆರ್ಮಾನಿಸ್ಟಿಕ್ ವಿದ್ವಾಂಸರ ಸಮ್ಮೇಳನ ಇದನ್ನೇ ಎತ್ತಿಕೊಂಡಿತು, ನಮ್ಮ ಶಾಸ್ತ್ರದಲ್ಲಿ ರಾಷ್ಟ್ರವಾದ ಹೇಗೆ ಹೊಕ್ಕಿತು ಅಂತ ತಮ್ಮನ್ನು ತಾವೇ ಕೇಳಿಕೊಂಡರು. ನೀವು ಇತಿಹಾಸವನ್ನೂ ಓದುತ್ತಿದ್ದೀರಿ. ಸಂಸ್ಕೃತಿ ಅಂದರೆ ಹಬ್ಬ, ಊಟ, ಸಂಗೀತ ಅಂತ ಮಾತ್ರ ತಿಳಿಯದೆ ಇದನ್ನೂ ಸೇರಿಸಿಕೊಂಡು ಓದುವ ಮನಸ್ಸಿದ್ದರೆ ಖಂಡಿತ ಹೋಗಿ.

ನನ್ನ ಸಲಹೆ ಇಷ್ಟು: ಬಿಎ ಇಲ್ಲೇ ಮುಗಿಸಿ, ಅಷ್ಟರಲ್ಲಿ ಬಿ2 ತಲುಪಿ. ಆಮೇಲೆ ಹೈದರಾಬಾದಿನ ಇಫ್ಲು, ದೆಹಲಿಯ ಜೆಎನ್‌ಯು, ಪುಣೆ ವಿಶ್ವವಿದ್ಯಾಲಯದ ಜರ್ಮನ್ ವಿಭಾಗಗಳನ್ನೂ ವಿಚಾರಿಸಿ. ಇಲ್ಲೇ ಜರ್ಮನ್ ಓದಿ, ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿಯ ಸ್ಕಾಲರ್‌ಶಿಪ್ ಪಡೆದು ಅಲ್ಲಿಗೆ ಹೋಗಲಿಕ್ಕೂ ಅವಕಾಶ ಇದೆ. ಈಗಲೇ ಮಾಡಬಹುದಾದ ಕೆಲಸವೂ ಒಂದಿದೆ: ರೆಕ್ಲಾಮ್ ಪ್ರಕಾಶನದ ಹಳದಿ ರಟ್ಟಿನ ಪುಟ್ಟ ಪುಸ್ತಕ ಒಂದನ್ನು ತರಿಸಿಕೊಳ್ಳಿ. 1867ರಲ್ಲಿ ಗಯಟೆಯ 'ಫೌಸ್ಟ್'ನಿಂದ ಶುರುವಾದ ಅಗ್ಗದ ಮಾಲೆ ಅದು. ಚಿಕ್ಕ ಕಥೆ ಇರುವುದನ್ನು ಆರಿಸಿ ದಿನಕ್ಕೆ ಅರ್ಧ ಪುಟ ಓದಿ. ಆ ಅರ್ಧ ಪುಟದಲ್ಲಿ ಖುಷಿ ಸಿಗದಿದ್ದರೆ ಮೂರು ವರ್ಷದ ಡಿಗ್ರಿಯಲ್ಲೂ ಸಿಗುವುದಿಲ್ಲ.

ಪ್ರಶ್ನೆ: ಮಗಳು ಈಗ ಸೆಕೆಂಡ್ ಪಿಯುಸಿ. ಜರ್ಮನಿಯಲ್ಲಿ ಫೀಸೇ ಇಲ್ಲ ಅಂತ ಏಜೆಂಟರು ಹೇಳುತ್ತಾರೆ. ನಂಬಬಹುದಾ? ಜರ್ಮನ್ ಸಾಹಿತ್ಯ ಓದಿದರೆ ಅಲ್ಲೇ ಕೆಲಸ ಸಿಗುತ್ತದಾ?
- ತಂದೆಯೊಬ್ಬರು, ಧಾರವಾಡ

ಉತ್ತರ: ಸರ್, ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ ಅನ್ನುವುದು ನಿಜ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1500 ಯೂರೋ ತೆಗೆದುಕೊಳ್ಳುತ್ತಿದೆ. ಹೈಡೆಲ್‌ಬರ್ಗ್, ಟ್ಯುಬಿಂಗನ್, ಫ್ರೈಬುರ್ಗ್ ಎಲ್ಲ ಇರುವುದು ಅದೇ ರಾಜ್ಯದಲ್ಲಿ. ದೊಡ್ಡ ಖರ್ಚು ಇರುವುದು ಜೀವನಕ್ಕೆ. ವೀಸಾ ಕೇಳುವಾಗ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆಯಲ್ಲಿ, ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು 11,904 ಯೂರೋಗೆ ಏರಿಸಿದರು, ಅಂದರೆ ತಿಂಗಳಿಗೆ 992. ಅರ್ಜಿ ಹಾಕುವ ಮುಂಚೆ ಈಗಿನ ಮೊತ್ತ ಎಷ್ಟು ಅಂತ ಜರ್ಮನ್ ರಾಯಭಾರ ಕಚೇರಿಯ ವೆಬ್‌ಸೈಟಿನಲ್ಲೇ ನೋಡಿ, ಏಜೆಂಟರ ಬಾಯಿಂದ ಕೇಳಬೇಡಿ. ನಮ್ಮ ದೇಶದ ಅಂಕಪಟ್ಟಿಗಳನ್ನು ಪರಿಶೀಲಿಸುವ ಎಪಿಎಸ್ ಪ್ರಮಾಣಪತ್ರವೂ 2022ರ ನವೆಂಬರ್‌ನಿಂದ ಕಡ್ಡಾಯ. ಬರೀ ಪಿಯುಸಿ ಆದವರಿಗೆ ಸಾಮಾನ್ಯವಾಗಿ ನೇರ ಪ್ರವೇಶ ಇಲ್ಲ. ಇಲ್ಲಿ ಡಿಗ್ರಿಗೆ ಸೇರಿ ಸ್ವಲ್ಪ ಓದಿರಬೇಕು ಅಥವಾ ಅಲ್ಲಿ ಶ್ಟೂಡಿಯನ್‌ಕೊಲೆಗ್ ಅನ್ನುವ ತಯಾರಿ ವರ್ಷ ಮಾಡಬೇಕು.

ಕೆಲಸದ ಬಗ್ಗೆ ನೇರವಾಗಿ ಹೇಳುತ್ತೇನೆ. ಜರ್ಮನಿಯಲ್ಲಿ ನೌಕರಿಯೇ ಗುರಿಯಾದರೆ ಈ ವಿಷಯ ಬೇಡ. ಅಲ್ಲಿನ ಹುಡುಗರಿಗೇ ಸಾಹಿತ್ಯದ ಡಿಗ್ರಿಯಿಂದ ಸಲೀಸಾಗಿ ಕೆಲಸ ಸಿಗುವುದಿಲ್ಲ. ಬೇರೆ ವೃತ್ತಿ ಕಲಿತು ಜೊತೆಗೆ ಒಳ್ಳೆಯ ಜರ್ಮನ್ ಇದ್ದರೆ ದಾರಿ ಸುಲಭ. ಬೆಂಗಳೂರಿನಲ್ಲೇ ಬಾಷ್, ಸೀಮೆನ್ಸ್, ಎಸ್‌ಎಪಿಯಂಥ ಜರ್ಮನ್ ಕಂಪನಿಗಳಿವೆ. ಭಾಷೆ ಬೇಕಾದ ಹುದ್ದೆಗಳಿಗೆ ಸಾಹಿತ್ಯದ ಡಿಗ್ರಿಗಿಂತ ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಸಂಸ್ಥೆಯಾದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿತು ಪಡೆದ ಸಿ1 ಸರ್ಟಿಫಿಕೇಟೇ ಸಾಕಾಗಬಹುದು. ಸಾಹಿತ್ಯ ಓದಿದವರಿಗೆ ಪಾಠ ಮಾಡುವುದು, ಪ್ರಕಾಶನ, ಅನುವಾದ, ಸಂಶೋಧನೆಯ ದಾರಿಗಳಿವೆ, ಆದರೆ ಅಲ್ಲಿ ದುಡ್ಡು ನಿಧಾನ. ಮಗಳಿಗೆ ಏನು ಬೇಕು ಅಂತ ಒಮ್ಮೆ ಅವಳ ಹತ್ತಿರ ಕೂತು ಕೇಳಿ ಸರ್, ನಿಮ್ಮ ಪತ್ರದಲ್ಲಿ ಅವಳ ಮಾತು ಒಂದೂ ಇರಲಿಲ್ಲ.

ಪ್ರಶ್ನೆ: ಕನ್ನಡ ಎಂಎ ಮಾಡಿದ್ದೇನೆ. ಕಿಟೆಲ್ ನಿಘಂಟಿನ ಮೂಲಕ ಜರ್ಮನ್ ಕಡೆ ಆಸಕ್ತಿ ಬಂತು. ಕನ್ನಡ ಓದಿದವರಿಗೆ ಜರ್ಮನ್ ಸಾಹಿತ್ಯದಲ್ಲಿ ಸಂಶೋಧನೆ ಮಾಡುವಂಥದ್ದು ಏನಾದರೂ ಇದೆಯೇ?
- ಓದುಗರೊಬ್ಬರು, ಉಡುಪಿ

ಉತ್ತರ: ತುಂಬಾ ಇದೆ. ನಿಮ್ಮ ಪತ್ರ ಓದಿ ನಿಜಕ್ಕೂ ಸಂತೋಷವಾಯಿತು.

ಒಂದೇ ಒಂದು ಎಳೆ ಹಿಡಿದು ನೋಡಿ. ಬೇತಾಳ ಕಥೆಗಳಲ್ಲಿ ತಲೆಗಳು ಅದಲು ಬದಲಾಗುವ ಕಥೆ ಇದೆ. ಅದು ಹೈನ್ರಿಷ್ ತ್ಸಿಮರ್ ಎಂಬ ಜರ್ಮನ್ ಭಾರತ ವಿದ್ವಾಂಸರ ಮೂಲಕ ಜರ್ಮನ್ ಕಾದಂಬರಿಕಾರ ಥಾಮಸ್ ಮನ್‌ಗೆ ಸಿಕ್ಕಿತು, 1940ರಲ್ಲಿ ಅವರು ಅದನ್ನು ಕಿರುಕಾದಂಬರಿ ಮಾಡಿದರು. ಅಲ್ಲಿಂದ ಗಿರೀಶ ಕಾರ್ನಾಡರು ಎತ್ತಿಕೊಂಡು 'ಹಯವದನ' ಬರೆದರು. ದೇಹ ದೊಡ್ಡದೋ ತಲೆ ದೊಡ್ಡದೋ ಅನ್ನುವ ಪ್ರಶ್ನೆಗೆ ಬೇತಾಳದ ಕಥೆಯಲ್ಲಿ ಚಟ್ಟನೆ ಉತ್ತರ ಸಿಗುತ್ತದೆ, ಮನ್ ಆ ಉತ್ತರವನ್ನು ಒಪ್ಪದೆ ಕಥೆಯನ್ನು ಮುಂದಕ್ಕೆ ಎಳೆಯುತ್ತಾರೆ, ಕಾರ್ನಾಡರು ಕುದುರೆ ತಲೆಯ ಹಯವದನನನ್ನು ತಂದು ಪ್ರಶ್ನೆಯನ್ನೇ ಇನ್ನಷ್ಟು ಬೆಳೆಸುತ್ತಾರೆ. ಈ ಮೂರನ್ನೂ ಮೂಲದಲ್ಲೇ ಓದಬಲ್ಲವರು ಎಷ್ಟು ಜನ ಇದ್ದಾರೆ ಹೇಳಿ.

ಇನ್ನು ನಿಮ್ಮ ಕರಾವಳಿಯದ್ದೇ ವಿಷಯ. ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಅದರ ಹೆರ್ಮನ್ ಮೊಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದರು. ಕಿಟೆಲ್ಲರ ನಿಘಂಟು 1894ರಲ್ಲಿ ಬಂದ ಮೇಲೆ ಟ್ಯುಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಇವರ ಕನ್ನಡ ಕೆಲಸದ ಬಗ್ಗೆ ನಮ್ಮಲ್ಲಿ ಸಾಕಷ್ಟು ಬರೆದಿದ್ದಾರೆ. ಆದರೆ ಇವರೆಲ್ಲ ಊರಿಗೆ ಬರೆದ ಕಾಗದ, ವರದಿಗಳು ಜರ್ಮನ್ನಿನಲ್ಲಿವೆ, ಸ್ವಿಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಶನ್ ಪತ್ರಾಗಾರದಲ್ಲಿ ಜೋಪಾನವಾಗಿವೆ. ಅವುಗಳಲ್ಲಿ ಕನ್ನಡ, ತುಳು ನಾಡಿನ ಜನ, ಜಾತಿ, ಭೂತಾರಾಧನೆಯ ವಿವರಗಳಿವೆ. ಬರೆದವರು ಧರ್ಮಪ್ರಚಾರಕ್ಕೆ ಬಂದವರು ಅನ್ನುವುದನ್ನು ಮರೆಯದೆ ಓದಬೇಕು ಅಷ್ಟೇ.

ಒಂದು ತೊಡಕಿದೆ. ಆ ಕಾಲದ ಕೈಬರಹ ಕುರೆಂಟ್ ಅನ್ನುವ ಹಳೆಯ ಶೈಲಿಯದು, ಇವತ್ತಿನ ಜರ್ಮನ್ ಲಿಪಿ ಬಂದರೂ ಅದು ಓದಲಿಕ್ಕೆ ಬರುವುದಿಲ್ಲ. ಅದಕ್ಕೆ ಬೇರೆಯೇ ಅಭ್ಯಾಸ ಬೇಕು. ತಾಳೆಗರಿ ಓದಲು ಕಲಿತವರಿಗೆ ಆ ತಾಳ್ಮೆ ಇರುತ್ತದೆ. ಮೊದಲು ಬಿ2 ತನಕ ಭಾಷೆ ಮಾಡಿಕೊಳ್ಳಿ, ಜೊತೆಜೊತೆಗೇ ಕುರೆಂಟ್ ಅಕ್ಷರಗಳನ್ನು ಕೈಯಲ್ಲಿ ಬರೆದು ಬರೆದು ರೂಢಿಸಿ. ಪಿಎಚ್‌ಡಿಗೆ ಮಾರ್ಗದರ್ಶಕರನ್ನು ಹುಡುಕುವಾಗ ಜರ್ಮನ್ ವಿಭಾಗಗಳ ಜೊತೆಗೆ ಅಲ್ಲಿನ ಭಾರತ ಅಧ್ಯಯನ ವಿಭಾಗಗಳಿಗೂ ಬರೆಯಿರಿ. ಬರೆಯುವಾಗ ನಿಮ್ಮ ಕನ್ನಡ ಎಂಎಯನ್ನು ಕೊನೆಯ ಸಾಲಿಗೆ ತಳ್ಳಬೇಡಿ, ಮೊದಲ ಸಾಲಿನಲ್ಲೇ ಹಾಕಿ.